ದ್ಯಾಮಮ್ಮನ ಸಹಿ

ಪ್ರಮೀಳಾಗೆ ಬೇಕಿದ್ದದ್ದು ರಸ್ತೆಗೆ ಮುಖ ಮಾಡಿದ ಒಂದು ಕೋಣೆ. ಮಿಕ್ಕ ಮನೆ ಹೇಗಿದ್ದರೂ ಹೊಂದಿಕೊಳ್ಳುತ್ತೇನೆ ಎಂದು ಗಂಡ ರಾಜುವಿಗೆ ಮೊದಲೇ ಹೇಳಿಬಿಟ್ಟಿದ್ದಳು. ಹನ್ನೊಂದು ವರ್ಷದಿಂದ ಶಿಕಾರಿಪುರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಅವಳು ಬ್ಲೌಸ್ ಹೊಲಿಯುತ್ತಿದ್ದಳು. ಮೆಟ್ಟಿಲು ಕಡಿದಾಗಿತ್ತು. ಮಂಡಿನೋವಿನ ಹೆಂಗಸರು ಕೆಳಗೇ ನಿಂತು ಕೂಗುತ್ತಿದ್ದರು. ಇವಳು ಟೇಪು ಕೊರಳಿಗೆ ಹಾಕಿಕೊಂಡು ಇಳಿದು ಹೋಗಿ, ಬೈಕು ನಿಲ್ಲಿಸುವ ಜಾಗದಲ್ಲೇ ಅಳತೆ ತೆಗೆದುಕೊಂಡು ಬರುತ್ತಿದ್ದಳು. ಕೆಲವರು ಅದಕ್ಕೂ ನಾಚಿ ಬೇರೆ ಟೈಲರ್ ಹತ್ತಿರ ಹೋದರು.

ರಾಜು ಲೈನ್‌ಮನ್. ಊರಿನಾಚೆ ಹೊಸದಾಗಿ ಎದ್ದ ಬಡಾವಣೆಗಳಿಗೆ ಕಂಬ ಹಾಕಿದವರಲ್ಲಿ ಅವನೂ ಒಬ್ಬ. ಅಲ್ಲಿ ಸೈಟು ಅಗ್ಗವಿತ್ತು. ಆದರೆ ನೀರು ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ಬ್ಲೌಸ್ ಹೊಲಿಸಲು ಅಷ್ಟು ದೂರ ಯಾರೂ ನಡೆದು ಬರುವುದೂ ಇಲ್ಲ. ಹಾಗಾಗಿ ಜನ ಓಡಾಡುವ ಹಳೆಯ ಬಡಾವಣೆಯಲ್ಲಿ, ಯಾರಾದರೂ ಕಟ್ಟಿ ವಾಸ ಮಾಡಿದ ಮನೆಯನ್ನೇ ಕೊಳ್ಳುವುದೆಂದು ಇಬ್ಬರೂ ತೀರ್ಮಾನಿಸಿದರು. ಮನೆ ವ್ಯಾಪಾರ ಕುದುರಿಸುವ ಸುಬ್ಬಪ್ಪ ಏಳು ಮನೆ ತೋರಿಸಿದ. ಎಂಟನೆಯದು ಮಾಸ್ತರ ಕಾಲೊನಿಯ ಮೂರನೇ ಅಡ್ಡರಸ್ತೆಯಲ್ಲಿತ್ತು.

ನಲವತ್ತು ವರ್ಷದ ಹಿಂದೆ ಕೆಂಪಪ್ಪ ಮಾಸ್ತರು ಕಟ್ಟಿಸಿದ ಮನೆ ಅದು. ಕೆಂಪು ಗಾರೆಯ ನೆಲ ಸವೆದು ನಯವಾಗಿತ್ತು. ಬಚ್ಚಲು ಹಿತ್ತಲಲ್ಲಿ. ಉತ್ತರದ ಗೋಡೆ ಒಂದಾಳೆತ್ತರಕ್ಕೆ ತೇವ ಹೀರಿ ಬಣ್ಣ ಉದುರಿಸಿಕೊಂಡಿತ್ತು. ರಾಜು ಮೀಟರ್ ಬೋರ್ಡಿನ ಮುಚ್ಚಳ ತೆಗೆದು ನೋಡಿ, "ವೈರಿಂಗ್ ಪೂರ್ತಿ ಹೋಗೈತೆ. ಅದು ನನಗೆ ಬಿಡು" ಎಂದ. ಪ್ರಮೀಳಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮುಂದಿನ ಕೋಣೆಯಲ್ಲಿ ನಿಂತಿದ್ದಳು. ಜಗಲಿಗೆ ಎರಡೇ ಮೆಟ್ಟಿಲು, ರಸ್ತೆ ಕಡೆಗೆ ನಾಲ್ಕು ಬಾಗಿಲಿನ ದೊಡ್ಡ ಕಿಟಕಿ. ಕಿಟಕಿಯ ಕೆಳಗೆ ಎರಡು ಮಷಿನ್ ಹಿಡಿಯುವಷ್ಟು ಜಾಗ. ಅವಳು ಗೇಣು ಹಾಕಿ ಅಳೆದಳು.

ಮನೆ ಮಾರುತ್ತಿದ್ದವನು ಮಾಸ್ತರ ಮಗ ಮಲ್ಲೇಶಪ್ಪ. ಮಾರುಕಟ್ಟೆ ಯಾರ್ಡಿನ ಒಂದು ಮಂಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಈಗ ಹೊನ್ನಾಳಿಯಲ್ಲಿ ಅಳಿಯನ ಜೊತೆ ಗೊಬ್ಬರದ ಅಂಗಡಿ ತೆರೆಯುವುದಿತ್ತು, ಮಳಿಗೆಗೆ ಮುಂಗಡ ಕೊಟ್ಟಾಗಿತ್ತು. ಮಾತು ನೇರ, ಚೌಕಾಸಿ ಕಡಿಮೆ. ಮೂವತ್ತಾರು ಲಕ್ಷಕ್ಕೆ ಮಾತು ಮುಗಿಯಿತು. ಮೂರು ತಿಂಗಳ ವಾಯಿದೆಯ ಕರಾರು ಬರೆಸಿ, ಪ್ರಮೀಳಾ ಹೊಲಿಗೆಯಿಂದ ಉಳಿಸಿದ್ದೆಲ್ಲವನ್ನೂ ಮುಂಗಡವಾಗಿ ಕೊಟ್ಟರು. ಉಳಿದದ್ದಕ್ಕೆ ಬ್ಯಾಂಕ್ ಸಾಲ.

ಬ್ಯಾಂಕಿನ ವಕೀಲರು ಕಾಗದಪತ್ರ ಹದಿನೈದು ದಿನ ಇಟ್ಟುಕೊಂಡು, ಒಂದೇ ಸಾಲಿನ ತಕರಾರು ಬರೆದು ವಾಪಸು ಕಳಿಸಿದರು. ವಂಶವೃಕ್ಷದಲ್ಲಿ ಕೆಂಪಪ್ಪನವರಿಗೆ ಇಬ್ಬರು ಮಕ್ಕಳೆಂದಿದೆ, ಮಗಳ ಸಹಿ ಎಲ್ಲಿ ಎಂದು.

ರಾಜು ಆ ಹಾಳೆ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗಿದ್ದ ಪತ್ರ ಬರಹಗಾರ ಸಿದ್ಧಲಿಂಗೇಶನ ಹತ್ತಿರ ಹೋದ. ಕರಾರು ಬರೆದವನೂ ಅವನೇ.

"ಖಾತೆ ಪೂರ್ತಿ ಮಲ್ಲೇಶಪ್ಪನವ್ರ ಹೆಸರಿಗೆ ಐತಲ್ರಿ" ಎಂದ ರಾಜು.

"ಖಾತೆ ಅಂದ್ರೆ ಕಂದಾಯ ಕಟ್ಟೋರ ಹೆಸರು ಅಷ್ಟೇ ರೀ. ಮಾಸ್ತರು ವಿಲ್ ಬರೆದಿಲ್ಲ. ಸ್ವಂತ ದುಡಿಮೆ ಮನೆ. ಅಂದ್ಮೇಲೆ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಆಯಮ್ಮ ಹಕ್ಕು ಬಿಟ್ಟೆ ಅಂತ ಬರೆದುಕೊಟ್ರೆ ಮುಗೀತು, ಒಂದು ಸಹಿ" ಎಂದ ಸಿದ್ಧಲಿಂಗೇಶ.

ಮಲ್ಲೇಶಪ್ಪನಿಗೂ ಅದು ದೊಡ್ಡ ಮಾತೆನಿಸಲಿಲ್ಲ. "ನಮ್ಮಕ್ಕ ಸೊರಬದಾಗ ಅದಾಳೆ. ಹಾಕ್ತಾಳೆ ಬಿಡ್ರಿ" ಎಂದ. ಸುಬ್ಬಪ್ಪನನ್ನು ಸೊರಬಕ್ಕೆ ಕಳಿಸಿದ. ಸುಬ್ಬಪ್ಪ ಮೊದಲನೇ ಸಲ ಕಾಫಿ ಕುಡಿದು ಬಂದ. ಎರಡನೇ ಸಲ ಹೋದಾಗ ಕಾಫಿಯೂ ಸಿಗಲಿಲ್ಲ. ಅವಳು ನೋಡೋಣ ಎಂದಳಂತೆ, ಅಷ್ಟೇ. ಹೀಗೆ ಏಳು ವಾರ ಕಳೆದವು. ಮಲ್ಲೇಶಪ್ಪ ಮಾತ್ರ ಅಕ್ಕನಿಗೆ ಒಂದು ಫೋನೂ ಮಾಡಲಿಲ್ಲ.

"ನಾನೇ ಹೋಗಿ ಬರ್ತೀನಿ. ಹೆಂಗಸರ ಹತ್ರ ಹೆಂಗಸರು ಮಾತಾಡೋದು ಬೇರೆ" ಎಂದಳು ಪ್ರಮೀಳಾ.

ವಿಳಾಸ ಕೊಡುವಾಗ ಸುಬ್ಬಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಪ್ರಮೀಳಮ್ಮ, ಒಂದು ಮಾತು. ರೇಟು ಮಾತ್ರ ಬಾಯಿ ಬಿಡಬ್ಯಾಡ್ರಿ. ಕೇಳಿದ್ರೆ ನಮ್ಮ ಮನೆಯವ್ರಿಗೆ ಗೊತ್ತು ಅಂದ್ಬಿಡ್ರಿ."

ಮುಂದಿನ ಶನಿವಾರ ಅವಳು ಹೊರಟಳು. ಸರ್ಕಾರಿ ಬಸ್ಸಿಗೆ ಕಾದಿದ್ದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಕಾಯುವ ವ್ಯವಧಾನ ಇರಲಿಲ್ಲ. ಸಿಕ್ಕಿದ ಖಾಸಗಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಸೊರಬ ಸೇರುವಾಗ ಹನ್ನೊಂದೂವರೆ. ದ್ಯಾಮಮ್ಮ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಂದು ಬೆಳಗಿನ ಶಾಲೆ, ಮಕ್ಕಳು ಉಪ್ಪಿಟ್ಟು ತಿಂದು ಹೋಗಿಯಾಗಿತ್ತು. ಅಡುಗೆ ಕೋಣೆಯ ಹಿಂದೆ, ನಲ್ಲಿಯ ಕೆಳಗೆ, ಎತ್ತರದ ಹೆಂಗಸೊಬ್ಬಳು ದೊಡ್ಡ ಪಾತ್ರೆಯೊಳಗೆ ಅರ್ಧ ಬಗ್ಗಿ ತಳ ಉಜ್ಜುತ್ತಿದ್ದಳು. ಐವತ್ತೆಂಟು ವರ್ಷ ಇರಬಹುದು. ತೋಳು ಗಟ್ಟಿಯಾಗಿದ್ದವು.

"ಶಿಕಾರಿಪುರದಿಂದನಾ?" ಎಂದಳು ತಲೆ ಎತ್ತಿ. "ಸುಬ್ಬಪ್ಪ ಕಳಿಸಿದ್ನ?"

"ಇಲ್ಲಮ್ಮ, ನಾನೇ ಬಂದೆ. ಆ ಮನೆ ತಗೊಳ್ತಿರೋರು ನಾವು."

ದ್ಯಾಮಮ್ಮ ಅವಳನ್ನು ಒಮ್ಮೆ ಪೂರ್ತಿ ನೋಡಿದಳು. ಪಾತ್ರೆ ಬೋರಲು ಹಾಕಿ, ಕೈ ತೊಳೆದು, "ಬನ್ನಿ, ಮನೆ ಇಲ್ಲೇ" ಎಂದಳು.

ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಹೆಂಚಿನ ಮನೆ. ಗಂಡನಿಗೆ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ, ಹೋಗಿದ್ದ. ಮಗಳು ಮದುವೆಯಾಗಿ ಸಾಗರದಲ್ಲಿದ್ದಳು. ದ್ಯಾಮಮ್ಮ ಬೆಲ್ಲ, ನೀರು ತಂದಿಟ್ಟು ಎದುರಿಗೆ ಕೂತಳು. ಪ್ರಮೀಳಾ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು.

"ಎಂತ ಮಾಡ್ಕಂಡಿದೀರಿ ನೀವು?" ಎಂದು ದ್ಯಾಮಮ್ಮನೇ ಕೇಳಿದಳು.

"ಟೈಲರಿಂಗ್ ಅಮ್ಮ. ಮುಂದಿನ ರೂಮಿನಾಗೆ ಮಷಿನ್ ಹಾಕ್ಬೇಕು ಅಂತ."

"ಕಿಟಕಿ ಹಂಗೇ ಇದ್ಯಾ?"

"ಐತೆ. ಅದನ್ನ ನೋಡೇ ನಾನು ಮನೆ ಒಪ್ಪಿದ್ದು."

ದ್ಯಾಮಮ್ಮ ಸ್ವಲ್ಪ ನಕ್ಕಳು. "ಮೇಸ್ತ್ರಿ ಸಣ್ಣ ಕಿಟಕಿ ಇಡ್ತೀನಿ ಅಂದಿದ್ದ. ದೊಡ್ಡದು ಇರ್ಲಿ ಅಂತ ಅಪ್ಪನ ಹತ್ರ ಹಟ ಹಿಡಿದೋಳು ನಾನು. ಆಗ ಕಾಲೊನಿಗೆ ನಲ್ಲಿ ಬಂದಿರ್ಲಿಲ್ಲ. ಗೋಡೆ ಎದ್ದ ಮೇಲೆ ಅದಕ್ಕೆ ನೀರು ಹೊಡೀಬೇಕಲ್ಲ. ಮೂಲೆ ಬಾವಿಯಿಂದ ಹೊತ್ಕಂಡು ಬರ್ತಿದ್ದೆ. ಬೆಳಿಗ್ಗೆ ನಲವತ್ತು ಕೊಡ, ಸಂಜೆ ನಲವತ್ತು. ಒಂದು ದಿನ ಬಿಟ್ರೆ ಗೋಡೆ ಬಿರುಕು ಬಿಡ್ತದೆ ಅಂತ ಮೇಸ್ತ್ರಿ ಹೆದ್ರಿಸಿದ್ದ. ಮಲ್ಲೇಶಿ ಎಸ್ಸೆಸ್ಸೆಲ್ಸಿ, ಅವನು ಓದ್ಕಬೇಕಿತ್ತು. ನಂದು ಏಳನೇ ಕ್ಲಾಸಿಗೇ ಬಿಡ್ಸಿದ್ರು. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ಮಾಸ್ತರು ನಮ್ಮಪ್ಪ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆದದ್ದನ್ನು ಆದಂತೆ ಹೇಳುತ್ತಿದ್ದಳು. ಆಮೇಲೆ ಅದೇ ದನಿಯಲ್ಲಿ ಕೇಳಿದಳು: "ಎಷ್ಟಕ್ಕೆ ಮಾತಾಗಿದೆ?"

ಪ್ರಮೀಳಾ ನೀರಿನ ಲೋಟ ಎತ್ತಿಕೊಂಡಳು. ನಮ್ಮ ಮನೆಯವರಿಗೆ ಗೊತ್ತು ಎಂದುಬಿಟ್ಟರೆ ಸುಳ್ಳೂ ಆಗುವುದಿಲ್ಲ, ನಿಜವೂ ಆಗುವುದಿಲ್ಲ. ಎದುರಿನವಳು ಬಹುಶಃ ಮತ್ತೆ ಕೇಳುವುದೂ ಇಲ್ಲ. ಆರು ವರ್ಷದ ಹಿಂದೆ ಪ್ರಮೀಳಾಳ ತವರಿನಲ್ಲೂ ಹೀಗೇ ಒಂದು ಕಾಗದ ಬಂದಿತ್ತು. ಅಣ್ಣ ಊಟಕ್ಕೆ ಕರೆದಿದ್ದ. ಹೋಳಿಗೆ ಊಟ ಮುಗಿದ ಮೇಲೆ, ಎಲೆ ಎತ್ತುವ ಮುಂಚೆಯೇ, ಅತ್ತಿಗೆ ಸೀರೆ ಕೊಟ್ಟಳು, ಅಣ್ಣ ಪೆನ್ನು ಕೊಟ್ಟ. ಅದರಲ್ಲಿ ಏನು ಬರೆದಿದೆ ಎಂದು ಓದಲು ಅವಳಿಗೆ ನಾಚಿಕೆಯಾಗಿತ್ತು. ಓದಿದರೆ ಅಣ್ಣನನ್ನು ನಂಬಲಿಲ್ಲ ಎಂದಾಗುತ್ತದೆ ಎಂದು ಸಹಿ ಹಾಕಿ ಬಂದಿದ್ದಳು. ಎಷ್ಟು ಎಕರೆ ಎಂಬುದು ಇವತ್ತಿಗೂ ಅವಳಿಗೆ ಗೊತ್ತಿಲ್ಲ.

"ಮೂವತ್ತಾರು ಲಕ್ಷ" ಎಂದಳು.

ದ್ಯಾಮಮ್ಮ ನೀರಿನಲ್ಲಿ ನೆನೆದು ನೆರಿಗೆಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡಳು.

"ಇಪ್ಪತ್ತಕ್ಕೆ ಹೋಗ್ತಾ ಇದೆ, ಅದೂ ಸಾಲಕ್ಕೇ ಹೋಗ್ತದೆ ಅಂದಿದ್ದ ಸುಬ್ಬಪ್ಪ. ನಂಗೆ ಐವತ್ತು ಸಾವಿರ, ಒಂದು ಸೀರೆ ಅಂತ."

"ನನಗೆ ಅದೆಲ್ಲ ಗೊತ್ತಿಲ್ಲಮ್ಮ. ಕರಾರಿನಾಗೆ ಇರೋದು ಹೇಳಿದೆ."

"ನೀವು ಯಾಕೆ ಹೇಳಿದ್ರಿ? ನಿಮ್ಗೆ ಲುಕ್ಸಾನು ಅಲ್ವಾ?"

"ಕೇಳಿದ್ರಲ್ಲ" ಎಂದಳು ಪ್ರಮೀಳಾ.

ದ್ಯಾಮಮ್ಮ ಸಹಿ ಹಾಕಲಿಲ್ಲ. ಆದರೆ ಊಟ ಮಾಡದೆ ಹೋಗಲು ಬಿಡಲಿಲ್ಲ. ಅನ್ನ, ಸೊಪ್ಪಿನ ಸಾರು, ಉಪ್ಪಿನಕಾಯಿ ಬಡಿಸಿದಳು. ಬಸ್ಸಿನವರೆಗೂ ಬಂದು, "ಅವನ ಹತ್ರ ನಾನೇ ಮಾತಾಡ್ತೀನಿ. ನೀವು ಹೇಳಿದ್ರಿ ಅಂತ ಹೇಳ್ಬೇಕಾಗ್ತದೆ, ಬ್ಯಾಸರ ಮಾಡ್ಕಬೇಡಿ" ಎಂದಳು.

ಸಂಜೆ ರಾಜು ಎಲ್ಲವನ್ನೂ ಕೇಳಿ, ಕಾಲಿನ ಬೂಟು ಬಿಚ್ಚುವುದನ್ನು ಅರ್ಧಕ್ಕೇ ಬಿಟ್ಟ.

"ಸುಳ್ಳು ಹೇಳು ಅಂತ ನಾ ಹೇಳಿರ್ಲಿಲ್ಲ. ಗೊತ್ತಿಲ್ಲ ಅಂದಿದ್ರೆ ಸಾಕಾಗ್ತಿತ್ತು."

"ನನಗೆ ಗೊತ್ತಿತ್ತಲ್ರಿ."

"ಮುಂಗಡ ಕೊಟ್ಟಿರೋದು ನಿನ್ನ ದುಡ್ಡು. ಹೋದ್ರೆ ನಿಂದೇ ಹೋಗೋದು."

"ಹೂಂ" ಎಂದಳು. ಮಾರನೆಯ ದಿನ ಅವಳು ಎರಡು ಬ್ಲೌಸಿನ ತೋಳು ಅದಲು ಬದಲು ಮಾಡಿ ಹೊಲಿದು, ಪುನಃ ಬಿಚ್ಚಿದಳು.

ಮಲ್ಲೇಶಪ್ಪನ ಫೋನು ಬುಧವಾರ ಬಂತು. ಭಾನುವಾರ ಮನೆಗೆ ಬನ್ನಿ, ನಮ್ಮಕ್ಕ ಬರುತ್ತಾಳೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಭಾನುವಾರ ರಾಜು, ಪ್ರಮೀಳಾ ಹೋದಾಗ ದ್ಯಾಮಮ್ಮ ಮುಂದಿನ ಕೋಣೆಯಲ್ಲಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಮಲ್ಲೇಶಪ್ಪ ಕಿಟಕಿಯ ಹತ್ತಿರ ನಿಂತಿದ್ದ. ಪ್ರಮೀಳಾಳನ್ನು ನೋಡಿದವನೇ, "ನಿಮಗೆ ಮನೆ ಬೇಕಾಗಿತ್ತೋ, ನಮ್ಮ ಮನೆ ಮುರಿಯೋದು ಬೇಕಾಗಿತ್ತೋ?" ಎಂದ.

"ಆಯಮ್ಮನಿಗೆ ಯಾಕೆ ಅಂತೀಯ" ಎಂದಳು ದ್ಯಾಮಮ್ಮ. "ನೀನು ಒಂದು ಸಲ ಬಂದು, ಅಕ್ಕಾ ಹಿಂಗಿಂಗೆ ಅಂತ ಹೇಳಿದ್ರೆ ಇದೆಲ್ಲ ಯಾಕೆ ಆಗ್ತಿತ್ತು? ಬ್ರೋಕರ್ ಕೈಲಿ ಕಾಗದ ಕಳಿಸ್ತೀಯ."

"ಬಂದಿದ್ರೆ ಹಾಕ್ತಿದ್ಯಾ?"

"ಬಂದಿದ್ರೆ ಬಹುಶಃ ಹಾಕ್ತಿದ್ದೆ. ಅದು ಮುಗೀತು ಈಗ."

ಮಲ್ಲೇಶಪ್ಪ ಬಾಗಿಲ ಕಡೆ ತಿರುಗಿ, ಮಾತು ತನ್ನ ಹೆಂಡತಿಗೂ ಕೇಳಲಿ ಎನ್ನುವಂತೆ ದನಿ ಏರಿಸಿದ. "ಅಪ್ಪ ಹಾಸಿಗೆ ಹಿಡಿದು ನಾಕು ವರ್ಷ ಮಲಗಿದ್ದ. ಎತ್ತಿ ಕೂರಿಸಿದ್ದು ಯಾರು? ಬಟ್ಟೆ ಒಗೆದಿದ್ದು ಯಾರು? ಮೇಲಿನ ಸೋರಿಕೆಗೆ ಎರಡು ಸಲ ಕಾಂಕ್ರೀಟು ಹಾಕಿಸ್ದೆ. ಕಂದಾಯ ಕಟ್ದೆ. ಆಗೆಲ್ಲ ಯಾರೂ ಪಾಲು ಕೇಳ್ಲಿಲ್ಲ."

ಅದು ಸುಳ್ಳಾಗಿರಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ತಿಳಿಯುತ್ತಿತ್ತು. ದ್ಯಾಮಮ್ಮನಿಗೂ.

"ಅದನ್ನ ನಾನು ಇಲ್ಲ ಅಂದಿಲ್ಲ" ಎಂದಳು ಅವಳು. "ಅದಕ್ಕೇ ಅರ್ಧ ಕೇಳಲ್ಲ. ಮೂರರಾಗೆ ಒಂದು ಪಾಲು ನಂದು. ಉಳಿದದ್ದು ನಿಂದೂ, ನಿನ್ನ ಹೆಂಡ್ತಿದೂ. ಅವಳು ಅಪ್ಪನ್ನ ನೋಡ್ಕಂಡಿದ್ದಾಳೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಮಲ್ಲೇಶಪ್ಪನ ಹೆಂಡತಿ ಬಾಗಿಲಿಗೆ ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಗಂಡನ ಅಕ್ಕನನ್ನೇ ನೋಡಿದಳು. ಮದುವೆಯಾಗಿ ಬಂದಂದಿನಿಂದ ಅವಳು ಮಾಡಿದ್ದಕ್ಕೆ ಹೀಗೆ ಲೆಕ್ಕ ಕಟ್ಟಿ ಹೇಳಿದವರು ಯಾರೂ ಇರಲಿಲ್ಲವೇನೋ.

"ಆಗ್ಲಿ ಅನ್ರಿ. ಎಷ್ಟು ದಿನ ಎಳೀತೀರಿ" ಎಂದಳು ಗಂಡನಿಗೆ.

ಮಲ್ಲೇಶಪ್ಪ ಅವತ್ತು ಆಗಲಿ ಎನ್ನಲಿಲ್ಲ. ಒಂದು ವಾರ ಬಿಟ್ಟು ಸಿದ್ಧಲಿಂಗೇಶನ ಹತ್ತಿರ ಹೋಗಿ, ಕಾನೂನಿನಲ್ಲಿ ಬೇರೆ ದಾರಿ ಇದೆಯೇ ಎಂದು ಕೇಳಿದ. ಇಲ್ಲವೆಂದು ಗೊತ್ತಾಯಿತು. ಹೊನ್ನಾಳಿಯ ಮಳಿಗೆಯವನು ಬೇರೆ ಗಿರಾಕಿ ಬಂದಿದ್ದಾನೆ ಎಂದು ಹೆದರಿಸತೊಡಗಿದ್ದ. ಕರಾರಿನ ವಾಯಿದೆ ಮುಗಿಯಲು ಒಂಬತ್ತು ದಿನ ಉಳಿದಿತ್ತು. ರಾಜು ತಾನಾಗಿಯೇ ಹೋಗಿ ವಾಯಿದೆಯನ್ನು ಎರಡು ತಿಂಗಳು ಮುಂದಕ್ಕೆ ಬರೆಸಿಕೊಟ್ಟ. ಮುಂಗಡ ವಾಪಸು ಕೇಳಲಿಲ್ಲ. ಆ ಮೇಲೆಯೇ ಮಲ್ಲೇಶಪ್ಪ ಒಪ್ಪಿದ್ದು.

ದಾರಿ ತೋರಿಸಿದವನು ಸಿದ್ಧಲಿಂಗೇಶ. "ಹಕ್ಕು ಬಿಡುಗಡೆ ಪತ್ರ ಬ್ಯಾಡ್ರಿ. ಬಿಡೋದು ಯಾಕೆ? ಕ್ರಯಪತ್ರದಾಗೆ ಮಾರೋರ ಕಡೆ ಇಬ್ಬರ ಹೆಸರೂ ಹಾಕೋಣ. ಬ್ಯಾಂಕಿನೋರು ಇಬ್ಬರಿಗೂ ಬೇರೆ ಬೇರೆ ಡಿಡಿ ಕೊಡ್ತಾರೆ. ಒಬ್ಬರು ಇನ್ನೊಬ್ಬರಿಗೆ ಕೊಡೋದು ಅನ್ನೋ ಮಾತೇ ಬರಲ್ಲ."

ದ್ಯಾಮಮ್ಮನಿಗೆ ಇದು ಹಿಡಿಸಿತು. ಕರಡು ಓದಿ ಹೇಳುವಾಗ ಅವಳು ಒಂದು ಕಡೆ ಮಾತ್ರ ತಡೆದಳು. ಅವಳ ಹೆಸರಿನ ಮುಂದೆ ಸಿದ್ಧಲಿಂಗೇಶ ವಾಡಿಕೆಯಂತೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕಿದ್ದ.

"ತಮ್ಮನಿಗೆ ಏನು ಬರೆದಿದೀರಿ?"

"ಮಲ್ಲೇಶಪ್ಪ ಬಿನ್ ಕೆಂಪಪ್ಪ ಅಂತ. ಮಗ ಅಂತ ಅರ್ಥ."

"ನಂಗೂ ಅದನ್ನೇ ಬರೀರಿ. ಈ ಮನೆ ಮಾತಿಗೆ ನಾನು ಮಾಸ್ತರ ಮಗಳು."

ಸಿದ್ಧಲಿಂಗೇಶ ತಿದ್ದಿದ. ಮಗಳು ಎಂದು ಬರೆದು, ಗಂಡನ ಹೆಸರನ್ನು ಮುಂದಿನ ಸಾಲಿಗೆ ಇಳಿಸಿದ.

ನೋಂದಣಿಯ ದಿನ ಸರ್ವರ್ ಇರಲಿಲ್ಲ. ಹತ್ತು ಗಂಟೆಗೆ ಬಂದವರು ಮೂರೂವರೆಯವರೆಗೆ ಕಾದರು. ಅಕ್ಕ ತಮ್ಮ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ರಾಜು ಎಲ್ಲರಿಗೂ ಮಂಡಕ್ಕಿ ತಂದುಕೊಟ್ಟ. ಮಲ್ಲೇಶಪ್ಪ ತನ್ನ ಪಾಲಿನ ಪೊಟ್ಟಣದಲ್ಲಿದ್ದ ಹಸಿಮೆಣಸಿನಕಾಯಿ ಅಕ್ಕನ ಕಡೆ ಸರಿಸಿದ. ಅವಳು ತೆಗೆದುಕೊಂಡು ಕಚ್ಚಿದಳು. ಕಂಪ್ಯೂಟರಿನ ಹುಡುಗಿ ಮಾರುವವರ ತಂದೆಯ ಹೆಸರು ಕೇಳಿದಾಗ ಇಬ್ಬರೂ ಒಟ್ಟಿಗೆ ಹೇಳಿದರು. ದ್ಯಾಮಮ್ಮ ಸಹಿ ಹಾಕುವಾಗ ಒತ್ತೊತ್ತಾಗಿ, ಗುಂಡಗೆ, ಕಾಪಿ ಪುಸ್ತಕದಲ್ಲಿ ಬರೆದ ಹಾಗೆ ಪೂರ್ತಿ ಹೆಸರು ಬರೆದಳು. ಸುಬ್ಬಪ್ಪ ತನ್ನ ಕಮಿಷನ್ನಿಗಾಗಿ ಹೊರಗೆ ಬೇವಿನ ಮರದ ಕೆಳಗೆ ಕಾದಿದ್ದ. ಅವನು ಪ್ರಮೀಳಾಳ ಜೊತೆ ಮಾತಾಡಲಿಲ್ಲ.

ಬೀಗದ ಕೈ ಸಿಕ್ಕಿದ್ದು ಮತ್ತೂ ಹನ್ನೆರಡು ದಿನಕ್ಕೆ. ರಾಜು ಬಾಗಿಲು ತೆಗೆದು ಸ್ವಿಚ್ಚು ಒತ್ತಿದ. ಬೆಳಕಾಗಲಿಲ್ಲ. ಬಲ್ಬು ಇರಲಿಲ್ಲ, ಬಲ್ಬಿನ ಹೋಲ್ಡರೂ ಇರಲಿಲ್ಲ. ಫ್ಯಾನು, ಫ್ಯಾನಿನ ಕೊಕ್ಕೆ, ತಾರಸಿಯ ನೀರಿನ ಟ್ಯಾಂಕು, ಬಚ್ಚಲಿನ ನಲ್ಲಿ, ಪರದೆ ಹಾಕುವ ಸಲಾಕೆ, ಗೇಟಿನ ಚಿಲಕ, ಎಲ್ಲವೂ ಹೊನ್ನಾಳಿಗೆ ಹೋಗಿದ್ದವು. ನಲ್ಲಿ ಬಿಚ್ಚಿದ ಕಡೆ ಗೂಟ ಬಡಿದಿತ್ತು. ಪ್ರಮೀಳಾ ಕೋಣೆಯಿಂದ ಕೋಣೆಗೆ ನಡೆದು ನೋಡಿದಳು. ಕಿಟಕಿಯನ್ನು ಮಾತ್ರ ಮಲ್ಲೇಶಪ್ಪ ಬಿಟ್ಟಿದ್ದ.

"ಹೆಂಗೂ ವೈರಿಂಗ್ ಪೂರ್ತಿ ಕೀಳೋದಿತ್ತು" ಎಂದ ರಾಜು. ಎರಡು ಭಾನುವಾರ ಏಣಿ ಹತ್ತಿ ಇಳಿದು ಒಬ್ಬನೇ ಎಲ್ಲ ಹೊಸದು ಎಳೆದ. ಟ್ಯಾಂಕಿಗೆ ಮಾತ್ರ ಸ್ವಲ್ಪ ಬೈದ.

ಗೃಹಪ್ರವೇಶಕ್ಕೆ ಪ್ರಮೀಳಾ ಅಡ್ಡರಸ್ತೆಯ ಹದಿನಾಲ್ಕು ಮನೆಗೂ ಕುಂಕುಮ ಹಿಡಿದು ಹೋಗಿ ಕರೆದಳು. ಬಂದವರು ಐದು ಮನೆಯವರು. ರಾಜುವಿನ ಕಡೆಯವರು ಅಂಜನಾಪುರದ ಹತ್ತಿರದ ಹಳ್ಳಿಯಿಂದ ಟೆಂಪೋದಲ್ಲಿ ಬಂದಿದ್ದರಿಂದ ಪಂಕ್ತಿ ತುಂಬಿತು, ಖಾಲಿ ಕಾಣಲಿಲ್ಲ. ದ್ಯಾಮಮ್ಮ ಬರಲಿಲ್ಲ. ಆ ದಿನ ಶಾಲೆಗೆ ಯಾರೋ ಅಧಿಕಾರಿಗಳು ಬರುವುದಿದೆ ಎಂದು ಫೋನಿನಲ್ಲಿ ಹೇಳಿದಳು. ಹಾಗಿರಲೂಬಹುದು. ಪ್ರಮೀಳಾ ಒತ್ತಾಯ ಮಾಡಲಿಲ್ಲ.

ಕಾಲೊನಿಯವರಿಗೆ ಮಲ್ಲೇಶಪ್ಪ ಹುಡುಗನಾಗಿದ್ದಾಗಿನಿಂದ ಗೊತ್ತಿದ್ದವನು. ಗಣಪತಿ ಚಂದಾಕ್ಕೆ ಅವನೇ ಮುಂದು, ಸಾವಾದ ಮನೆಗೆ ಅವನೇ ಮೊದಲು. ಅಂಥವನನ್ನು ಅಕ್ಕನ ಜೊತೆ ಕಚ್ಚಾಡಿಸಿ ಕಳಿಸಿದವಳು ಎಂಬ ಮಾತು ಪ್ರಮೀಳಾ ಬರುವ ಮೊದಲೇ ಬಂದು ಕೂತಿತ್ತು. ಪಕ್ಕದ ಮನೆಯ ಸುಂಕಲಮ್ಮ ಅದನ್ನು ಮುಚ್ಚಿಡಲೂ ಇಲ್ಲ. ಬೆಳಿಗ್ಗೆ ರಂಗೋಲಿ ಹಾಕುವಾಗ ಇಬ್ಬರೂ ಹತ್ತು ಅಡಿ ಅಂತರದಲ್ಲಿ ಬಗ್ಗಿರುತ್ತಿದ್ದರು. ಪ್ರಮೀಳಾ ನಕ್ಕರೆ ಸುಂಕಲಮ್ಮ ಚುಕ್ಕಿ ಎಣಿಸುವವಳಂತೆ ನೆಲ ನೋಡುತ್ತಿದ್ದಳು. ಅವಳ ಮನೆಯ ಬಟ್ಟೆಗಳು ಬಸ್ ಸ್ಟ್ಯಾಂಡ್ ಹತ್ತಿರದ ಟೈಲರಿಗೇ ಹೋಗುತ್ತಿದ್ದವು.

ಕಿಟಕಿಯ ಕೆಳಗೆ ಎರಡು ಮಷಿನ್ ಬಂದವು. ಹೊರಗೆ ಬೋರ್ಡು ಬಂತು. ಹಳೆಯ ಗಿರಾಕಿಗಳು, ಮಂಡಿನೋವಿನವರೂ ಸೇರಿ, ಹುಡುಕಿಕೊಂಡು ಬಂದರು. ಎರಡೇ ಮೆಟ್ಟಿಲು ಎಂದು ಸಂತೋಷಪಟ್ಟರು. ಮೂರನೇ ಅಡ್ಡರಸ್ತೆಯಿಂದ ಮಾತ್ರ ನಾಲ್ಕು ತಿಂಗಳು ಯಾರೂ ಬರಲಿಲ್ಲ. ಪ್ರಮೀಳಾಗೆ ಅದು ನೋಯದೆ ಇರಲಿಲ್ಲ. ಸುಮ್ಮನೆ ಗೊತ್ತಿಲ್ಲ ಎಂದಿದ್ದರೆ ಇಷ್ಟು ಹೊತ್ತಿಗೆ ಈ ರಸ್ತೆಯ ಅರ್ಧ ಹೆಂಗಸರು ಇಲ್ಲೇ ಕೂತಿರುತ್ತಿದ್ದರು ಎಂದು ಕೆಲವೊಮ್ಮೆ ಅನಿಸುತ್ತಿತ್ತು. ಅದನ್ನು ರಾಜುವಿಗೆ ಹೇಳಲಿಲ್ಲ. ಅವನು ಹೇಳಿದ್ದೇ ಸರಿ ಎಂದಾಗುತ್ತಿತ್ತು.

ಶ್ರಾವಣದ ಒಂದು ಮಧ್ಯಾಹ್ನ, ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಸುಂಕಲಮ್ಮ ಪ್ಲಾಸ್ಟಿಕ್ ಚೀಲ ಹಿಡಿದು ಜಗಲಿ ಹತ್ತಿದಳು. ಚೀಲದಿಂದ ಹಸಿರು ಬ್ಲೌಸ್ ಪೀಸು ತೆಗೆದು ಮೇಜಿನ ಮೇಲಿಟ್ಟಳು.

"ಹಬ್ಬಕ್ಕೆ ಆಗ್ತದಾ?"

"ಆಗ್ತದ್ರಿ. ಬರ್ರಿ, ಅಳತೆ ತಗೋತೀನಿ."

ಪ್ರಮೀಳಾ ಭುಜದಿಂದ ಶುರು ಮಾಡಿದಳು. ತೋಳಿನ ಸುತ್ತಳತೆಗೆ ಬರುವಷ್ಟರಲ್ಲಿ ಸುಂಕಲಮ್ಮ, ಗೋಡೆ ನೋಡುತ್ತ, "ಸೊರಬದ ದ್ಯಾಮಕ್ಕಗೆ ದುಡ್ಡು ಪೂರ್ತಿ ಬಂತಂತಾ?" ಎಂದಳು.

"ಬಂತು. ಅವ್ರ ಹೆಸರಿಗೇ ಬಂತು."

ಸುಂಕಲಮ್ಮ ಮತ್ತೆ ಚೀಲದೊಳಗೆ ಕೈ ಹಾಕಿದಳು. ನಾಲ್ಕಾಗಿ ಮಡಚಿದ ಛಾಪಾ ಕಾಗದ ಹೊರಬಂತು.

"ನಮ್ಮ ಅಣ್ಣ ಕೊಟ್ಟು ಹೋಗ್ಯಾನೆ. ಊರಿನ ಗದ್ದೆದು. ಸೋಮವಾರ ಬಂದು ಇಸ್ಕೊಂಡು ಹೋಗ್ತೀನಿ, ಸಹಿ ಹಾಕಿಡು ಅಂದ. ನಂಗೆ ಈ ಅಕ್ಷರ ಓದಕ್ಕೆ ಬರ್ತದೆ, ಅರ್ಥ ಆಗಲ್ಲ."

ಪ್ರಮೀಳಾ ಟೇಪು ಕೊರಳಿಗೆ ಹಾಕಿಕೊಂಡು ಕಾಗದ ಬಿಡಿಸಿದಳು. ಮೊದಲ ಸಾಲಿನಲ್ಲೇ ಎರಡು ಶಬ್ದ ಅವಳಿಗೂ ತಿಳಿಯಲಿಲ್ಲ. ಹಾಗೆಂದು ಹೇಳಿದಳು.

"ನಂಗೂ ಪೂರ್ತಿ ಗೊತ್ತಾಗಲ್ರಿ. ಸಿದ್ಧಲಿಂಗೇಶ್ ಅಂತ ಅದಾರೆ, ಓದಿ ಹೇಳ್ತಾರೆ. ನಾಳೆ ಹತ್ತೂವರೆಗೆ ಕುಳಿತಿರ್ತಾರೆ. ಬೇಕಾದ್ರೆ ನಾನೂ ಬರ್ತೀನಿ."

"ಮನೆಯವ್ರಿಗೆ ಹೇಳಿಲ್ಲ."

"ಹೇಳ್ರಿ. ಹಬ್ಬದ ಬ್ಲೌಸಿಗೆ ಲೈನಿಂಗ್ ತರಕ್ಕೆ ಹೋಗೋದು ಅಂತ ಸುಳ್ಳು ಮಾತ್ರ ಹೇಳಬ್ಯಾಡ್ರಿ" ಎಂದಳು ಪ್ರಮೀಳಾ.

ಸುಂಕಲಮ್ಮನಿಗೆ ನಗು ಬಂತು. ಕುರ್ಚಿ ಎಳೆದುಕೊಂಡು ಕೂತಳು. ಪ್ರಮೀಳಾ ಒಳಗೆ ಹೋಗಿ ಚಹಾಕ್ಕಿಟ್ಟು ಬಂದಳು. ಇಬ್ಬರೂ ಕಾಗದವನ್ನು ಮೇಜಿನ ಮೇಲೆ ಹರಡಿ, ತಿಳಿದಷ್ಟು ಸಾಲುಗಳನ್ನು ಬೆರಳಿಟ್ಟು ಓದತೊಡಗಿದರು.